ಒಬ್ಬೊಬ್ಬರೇ ಕೂತು ಓದಿದವರು ಯಾಕೆ ಫೇಲಾದರು?

ಫಸ್ಟ್ ಸೆಮ್ ಮ್ಯಾಥ್ಸ್ ಅಂದ್ರೆ ಹೊಟ್ಟೆಯಲ್ಲಿ ಏನಾಗುತ್ತೆ ಅಂತ ಇಂಜಿನಿಯರಿಂಗ್ ಓದಿದವರಿಗೆ ನಾನು ಹೇಳಬೇಕಾಗಿಲ್ಲ. ಇವತ್ತಿನ ಕಥೆಯೂ ಅಂಥದ್ದೇ ಒಂದು ಕ್ಲಾಸಿನದು. ಜಾಗ, ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಕಾಲ, 1970ರ ದಶಕ.

ಅಲ್ಲಿ ಮೊದಲ ಕ್ಯಾಲ್ಕುಲಸ್ ಕೋರ್ಸ್ ಮುಗಿಸಿದ ಕಪ್ಪು ವಿದ್ಯಾರ್ಥಿಗಳಲ್ಲಿ ನೂರಕ್ಕೆ 60 ಮಂದಿಗೆ ಬರುತ್ತಿದ್ದದ್ದು ಡಿ ಅಥವಾ ಎಫ್ ಗ್ರೇಡ್. ಕ್ಯಾಲ್ಕುಲಸ್ ಕೈಕೊಟ್ಟರೆ ಇಂಜಿನಿಯರೋ ವಿಜ್ಞಾನಿಯೋ ಆಗುವ ದಾರಿ ಅಲ್ಲಿಗೇ ಮುಚ್ಚಿತು. ಆಗ ಅಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಯೂರಿ ಟ್ರೈಸ್‌ಮನ್, ಹೀಗ್ಯಾಕೆ ಅಂತ ಅಧ್ಯಾಪಕರನ್ನು ಕೇಳಿದರು. ಉತ್ತರ ರೆಡಿ ಇತ್ತು: ಹುಡುಗರಿಗೆ ಹಂಬಲ ಇಲ್ಲ, ಹೈಸ್ಕೂಲಿನ ತಳಪಾಯ ಸರಿ ಇಲ್ಲ, ಮನೆಯಲ್ಲಿ ಪ್ರೋತ್ಸಾಹ ಇಲ್ಲ, ಬಡತನ. ಎಲ್ಲೋ ಕೇಳಿದ ಮಾತು ಅನ್ನಿಸ್ತಿದೆ ಅಲ್ವಾ?

ಟ್ರೈಸ್‌ಮನ್ ಇದನ್ನು ನಂಬಿ ಕೂರಲಿಲ್ಲ. 20 ಕಪ್ಪು ವಿದ್ಯಾರ್ಥಿಗಳು, ಈ ವಿಷಯದಲ್ಲಿ ಚೆನ್ನಾಗಿ ಮಾಡುತ್ತಿದ್ದ 20 ಚೀನೀ ಮೂಲದ ವಿದ್ಯಾರ್ಥಿಗಳು. ಇವರೆಲ್ಲ ಹೇಗೆ ಓದ್ತಾರೆ ಅಂತ ಸುಮಾರು 18 ತಿಂಗಳು ಬೆನ್ನು ಹತ್ತಿ ನೋಡಿದರು. ಅಧ್ಯಾಪಕರ ಕಾರಣಗಳು ಒಂದೊಂದಾಗಿ ಉದುರಿದವು. ಮಕ್ಕಳು ಕಾಲೇಜು ಓದಲೇಬೇಕು ಅಂತ ಟೊಂಕ ಕಟ್ಟಿದ್ದ ಅಪ್ಪ ಅಮ್ಮಂದಿರು ಆ ಮನೆಗಳಲ್ಲಿದ್ದರು. ಶಾಲೆಯಲ್ಲಿ ಮೊದಲ ಸಾಲಿನಲ್ಲಿದ್ದ ಹುಡುಗರೂ ಫೇಲಾಗಿದ್ದರು.

ಹಾಗಾದ್ರೆ ವ್ಯತ್ಯಾಸ ಎಲ್ಲಿತ್ತು? ಕ್ಲಾಸಿನ ಒಂದು ಗಂಟೆಗೆ ಎರಡು ಗಂಟೆ ಓದಿ ಅಂತ ಮೇಷ್ಟ್ರು ಹೇಳಿದ್ದರು. ಕಪ್ಪು ವಿದ್ಯಾರ್ಥಿಗಳು ಅದನ್ನು ಅಕ್ಷರಶಃ ಪಾಲಿಸಿದರು. ವಾರಕ್ಕೆ ಸುಮಾರು 8 ಗಂಟೆ, ಒಬ್ಬೊಬ್ಬರೇ. ಶಾಲೆಯಲ್ಲಿ ಅವರನ್ನು ಗೆಲ್ಲಿಸಿದ್ದೇ ಆ ಅಭ್ಯಾಸ. ಚೀನೀ ಹುಡುಗರದ್ದು ಸುಮಾರು 14 ಗಂಟೆ. ಒಂಟಿಯಾಗಿ ಓದಿದ ಮೇಲೆ ಸಂಜೆ ಒಟ್ಟಿಗೆ ಅಡುಗೆ ಮಾಡಿ, ಊಟದ ಜೊತೆಗೇ ಹೋಮ್‌ವರ್ಕ್ ಹರಡಿಕೊಂಡು ಕೂರೋರು. ಎಲ್ಲರಿಗೂ ಒಂದೇ ಲೆಕ್ಕ ತಪ್ಪಿದ್ದರೆ ಲೆಕ್ಕವೇ ಕಷ್ಟದ್ದು ಅಂತ ಗೊತ್ತಾಗೋದು. ಒಂಟಿ ಹುಡುಗ ಮಾತ್ರ ತಾನೇ ದಡ್ಡ ಅಂದುಕೊಳ್ಳೋನು. ನಮ್ಮ ಹಾಸ್ಟೆಲ್ಲುಗಳ ಕಂಬೈನ್ಡ್ ಸ್ಟಡಿ ನೆನಪಾಗುತ್ತೆ, ಅದರಲ್ಲಿ ಅರ್ಧ ಹರಟೆಯೇ ಆದರೂ!

1978ರ ಹೊತ್ತಿಗೆ ಟ್ರೈಸ್‌ಮನ್ ಮತ್ತು ಜೊತೆಗಾರರು ಒಂದು ವರ್ಕ್‌ಶಾಪ್ ಶುರು ಮಾಡಿದರು. ನನಗೆ ತುಂಬಾ ಇಷ್ಟವಾಗೋದು ಇದು: ಅದಕ್ಕೆ 'ಹಿಂದುಳಿದವರ ಟ್ಯೂಷನ್' ಅನ್ನೋ ಹಣೆಪಟ್ಟಿ ಹಚ್ಚಲಿಲ್ಲ. ಆನರ್ಸ್ ಕಾರ್ಯಕ್ರಮ ಅಂತ ಕರೆದು ಆಹ್ವಾನ ಕೊಟ್ಟರು. ಸುಲಭದ ಲೆಕ್ಕ ಕೊಡಲಿಲ್ಲ, ಕ್ಲಾಸಿನದಕ್ಕಿಂತ ಕಠಿಣವಾದದ್ದೇ ಕೊಟ್ಟರು. ಚಿಕ್ಕ ಗುಂಪುಗಳು ಜಗಳವಾಡುತ್ತಾ ಬಿಡಿಸುತ್ತಿದ್ದವು. ಪಾಠ ಹೇಳುವವರು ಬೋರ್ಡ್ ಮುಂದೆ ನಿಲ್ಲದೆ ಗುಂಪುಗಳ ನಡುವೆ ಓಡಾಡುತ್ತಿದ್ದರು.

ವರ್ಕ್‌ಶಾಪಿಗೆ ಬಂದ ಕಪ್ಪು ಮತ್ತು ಲ್ಯಾಟಿನೋ ವಿದ್ಯಾರ್ಥಿಗಳು ಅದೇ ಕೋರ್ಸಿನ ಬಿಳಿಯ, ಏಷ್ಯನ್ ಸಹಪಾಠಿಗಳನ್ನೂ ಹಿಂದೆ ಹಾಕಿದರು. ಪ್ರವೇಶ ಪರೀಕ್ಷೆಯ ಗಣಿತದಲ್ಲಿ 800ಕ್ಕೆ 600ರ ಆಸುಪಾಸು ತೆಗೆದಿದ್ದವರು, 700 ದಾಟಿದವರ ಸಮಕ್ಕೆ ನಿಂತರು. 1988ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯವೂ ಇದೇ ಮಾದರಿಯಲ್ಲಿ ಕ್ಲಾಸ್ ತೆರೆಯಿತು. ಅಲ್ಲೂ ಮಕ್ಕಳು ಬಂದದ್ದು ಆಹ್ವಾನದ ಮೇಲೆಯೇ.