ಬೇಡದ ಯೋಚನೆಗೊಂದು ಹೆಸರು

ಮದುವೆಯಾಗಿ ಮಾಲೂರಿಗೆ ಬಂದ ಹೊಸತು. 1988ನೆಯ ಇಸವಿ. ನಮ್ಮವರು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಎಂಟರ ಹೊತ್ತಿಗೆ ಮನೆ ಸೇರುತ್ತಿದ್ದರು. ಎಂಟೂವರೆಯಾಯಿತೆಂದರೆ ನನ್ನ ಎದೆ ಹೊಡೆದುಕೊಳ್ಳತೊಡಗುತ್ತಿತ್ತು. ರೈಲು ಹಳಿ ತಪ್ಪಿತೇನೋ, ಹತ್ತುವಾಗ ಕಾಲು ಜಾರಿತೇನೋ! ಒಂಬತ್ತಕ್ಕೆ ಅವರು ಚಪ್ಪಲಿ ಬಿಡುವ ಸದ್ದು ಕೇಳುವುದರೊಳಗೆ ನಾನು ಮನಸ್ಸಿನಲ್ಲೇ ವಿಧವೆಯಾಗಿ, ಶ್ರೀನಿವಾಸಪುರದ ತವರಿಗೆ ಮರಳಿ, ಅಣ್ಣಂದಿರ ಮನೆಯ ಮೂಲೆಯಲ್ಲಿ ಹತ್ತು ವರ್ಷ ಕಳೆದುಬಿಟ್ಟಿರುತ್ತಿದ್ದೆ. 'ಬಿಡ್ತು ಅನ್ನು' ಎಂದು ನನ್ನನ್ನು ನಾನೇ ಗದರಿಕೊಳ್ಳುತ್ತಿದ್ದೆ. ಗದರಿದಷ್ಟೂ ಯೋಚನೆ ಹೆಚ್ಚುತ್ತಿತ್ತು.

ಯಾರಲ್ಲಿ ಹೇಳುವುದು? ಆದರೆ ಅತ್ತೆಯವರು ಗಮನಿಸಿದ್ದರು. ಅವರು ಕೋಲಾರದವರು. ಒಂದು ಶುಕ್ರವಾರ ನನ್ನನ್ನು ಕೋಲಾರಮ್ಮನ ಗುಡಿಗೆ ಕರೆದುಕೊಂಡು ಹೋದರು. ಚೋಳರ ಕಾಲದ ಗುಡಿ ಅದು. ಅಲ್ಲಿ 11ನೆಯ ಶತಮಾನದ ರಾಜೇಂದ್ರ ಚೋಳನ ಶಾಸನಗಳಿವೆ. ಅದೇ ಗುಡಿಯಲ್ಲಿ ಚೇಳಮ್ಮನ ಸನ್ನಿಧಿಯೂ ಇದೆ. ಅಲ್ಲಿಯ ಹುಂಡಿ ನೆಲದೊಳಗಿದೆ. ಕಾಣಿಕೆ ಹಾಕಿ ಬೇಡಿಕೊಂಡವರಿಗೆ ಚೇಳಿನ ಕಾಟವಿಲ್ಲವೆಂದು ಜನರ ನಂಬಿಕೆ.

ಬರುವಾಗ ಅತ್ತೆ ಅಂದರು: "ಕಲ್ಲು ನೆಲದ ಸೀಮೆ ನಮ್ಮದು. ಚೇಳೇ ಇಲ್ಲ ಅಂದ್ರೆ ಆಗುತ್ತೇನಮ್ಮ? ಹಿಂದಿನವರು ಅದಕ್ಕೂ ಒಂದು ಹೆಸರಿಟ್ಟು, ಜಾಗ ಕೊಟ್ಟು ಕೂರಿಸಿದರು. ಕಾಸು ಹಾಕಿದ ಮೇಲೂ ನಾವು ರಾತ್ರಿ ದೀಪ ಹಿಡಿದೇ ಓಡಾಡ್ತೀವಿ."

ಆಗ ಅದು ಹಿರಿಯರ ಸಮಾಧಾನದ ಮಾತೆನಿಸಿತು. ಅದರ ತೂಕ ತಿಳಿದದ್ದು ನಮ್ಮ ಜಿಲ್ಲೆಯ ಇಬ್ಬರು ದೊಡ್ಡವರ ಬದುಕನ್ನು ಓದಿದಾಗ.

ಡಿ.ವಿ. ಗುಂಡಪ್ಪನವರು 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದವರು. ಮೆಟ್ರಿಕ್ಯುಲೇಷನ್ ಪರೀಕ್ಷೆ ಅವರಿಗೆ ದಾಟಲಿಲ್ಲ. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸ ಹುಡುಕಿಕೊಂಡು ಅಲೆದರು. ಮುಂದೆ ಪತ್ರಕರ್ತರಾಗಿ ಹೆಸರು ಮಾಡಿದರೂ ಪತ್ನಿ ಭಾಗೀರಥಮ್ಮನವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಗುಂಡಪ್ಪನವರು ಮತ್ತೆ ಮದುವೆಯಾಗಲಿಲ್ಲ. 1943ರಲ್ಲಿ 'ಮಂಕುತಿಮ್ಮನ ಕಗ್ಗ' ಹೊರಬಂತು, 945 ಪದ್ಯಗಳು. ಬಾಳಿಗೆ ಅರ್ಥವಿದೆಯೇ, ದೇವರಿದ್ದಾನೆಯೇ, ಈ ಗೋಳೆಲ್ಲ ಯಾಕೆ ಎಂಬ ಸಂಶಯಗಳನ್ನು ಅವರು ಅಲ್ಲಿ ಮುಚ್ಚಿಡಲಿಲ್ಲ. ಪದ್ಯದ ಕೊನೆಯಲ್ಲಿ ಮಂಕುತಿಮ್ಮನನ್ನು ಕರೆದು ಹೇಳುತ್ತಾರೆ. ಓದುವಾಗ ನನಗನಿಸಿದ್ದು ಇಷ್ಟೇ: ಕಂಗೆಟ್ಟ ಮನಸ್ಸಿಗೆ ಒಂದು ಹೆಸರಿಟ್ಟು, ಎದುರಿಗೆ ಕೂರಿಸಿಕೊಂಡು, ಅಣ್ಣ ತಮ್ಮನಿಗೆ ಹೇಳುವಂತೆ ಹೇಳಬಹುದು. ಯೋಚನೆ ಬೇರೆ, ನಾನು ಬೇರೆ ಎಂಬ ಅಂತರ ಅಲ್ಲಿ ಹುಟ್ಟುತ್ತದೆ.

ಅದೇ 1943ರಲ್ಲಿ ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರಿಗೆ ಬೇರೊಂದು ಪೆಟ್ಟು ಬಿತ್ತು. ಮೈಸೂರು ಸರ್ಕಾರದಲ್ಲಿ ಬಹುಕಾಲ ದುಡಿದ ಅಧಿಕಾರಿ. ತಮಗೆ ಸಲ್ಲಬೇಕಿದ್ದ ಉನ್ನತ ಹುದ್ದೆ ಕಿರಿಯರೊಬ್ಬರಿಗೆ ಹೋದಾಗ ರಾಜೀನಾಮೆ ಕೊಟ್ಟರು. ಐವತ್ತು ದಾಟಿದ ವಯಸ್ಸು. ಅವಮಾನವನ್ನೇ ಮೆಲುಕು ಹಾಕುತ್ತ ಕೂರಬಹುದಿತ್ತು. ಅವರು 1944ರಿಂದ 'ಜೀವನ' ಪತ್ರಿಕೆಯ ಸಂಪಾದಕತ್ವ ವಹಿಸಿ ಎರಡು ದಶಕ ನಡೆಸಿದರು. ಜ್ಞಾನಪೀಠ ಪ್ರಶಸ್ತಿಗೆ ಕಾರಣವಾದ 'ಚಿಕವೀರ ರಾಜೇಂದ್ರ' ಬರೆದದ್ದೂ ಕೆಲಸ ಬಿಟ್ಟ ಮೇಲೆಯೇ. ನೋವು ಆಗಲಿಲ್ಲವೆಂದಲ್ಲ. ಅದನ್ನೇ ದಿನವಿಡೀ ಮಾಡುವ ಕೆಲಸವಾಗಿಸಿಕೊಳ್ಳಲಿಲ್ಲ.

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಕಂಡುಕೊಂಡ ವಿಷಯವೂ ಇದಕ್ಕೆ ದೂರವಲ್ಲ. ಮನಸ್ಸು ಕುಗ್ಗಿದಾಗ ಕೆಲವು ಯೋಚನೆಗಳು ಕರೆಯದೆಯೇ ಬರುತ್ತವೆ, ಸತ್ಯದ ವೇಷದಲ್ಲಿ ಬರುತ್ತವೆ. ಅವನ್ನು ಒಪ್ಪುವುದಕ್ಕೆ ಮೊದಲು ಸಾಕ್ಷಿ ಕೇಳಬೇಕು ಎಂದರು ಬೆಕ್. ಏನಾಯಿತು, ನನಗೆ ಏನನ್ನಿಸಿತು, ಅದಕ್ಕೆ ಆಧಾರವೇನು, ಬೇರೆ ಕಾರಣ ಇರಬಹುದೇ ಎಂದು ಬರೆದು ನೋಡುವುದು ಆ ಚಿಕಿತ್ಸೆಯ ಒಂದು ಕ್ರಮ.

ಬೆಕ್ ಹೆಸರು ಕೇಳುವ ಮೊದಲೇ ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಮ್ಮವರು ಬಂದ ಹೊತ್ತನ್ನು ಬರೆಯತೊಡಗಿದ್ದೆ. ಮೂರು ತಿಂಗಳಲ್ಲಿ 22 ದಿನ ರೈಲು ತಡ. 22 ದಿನವೂ ಅವರು ಮನೆಗೆ ಬಂದಿದ್ದರು. ಭಯಕ್ಕೆ 'ಎಂಟೂವರೆ' ಎಂದೇ ಹೆಸರಿಟ್ಟೆ. 'ಓ, ಎಂಟೂವರೆ ಬಂತು' ಎಂದು ಅತ್ತೆ ನಗುತ್ತಿದ್ದರು. ನಾನೂ ನಗುತ್ತ ಮುದ್ದೆಗೆ ಎಸರಿಡುತ್ತಿದ್ದೆ.

ಹೆಸರಿಟ್ಟರೆ ಕಷ್ಟವೇ ಬಾರದು ಎಂದು ನಾನು ಹೇಳಲಾರೆ. 2014ರಲ್ಲಿ ನಮ್ಮವರು ಹೋಗಿಬಿಟ್ಟರು. ರೈಲಿನಲ್ಲಲ್ಲ, ಮನೆಯಲ್ಲೇ, ಹೃದಯಾಘಾತದಿಂದ. ನಾನು ಹೆದರಿದ್ದು ಒಂದಕ್ಕೆ, ಬಂದದ್ದು ಇನ್ನೊಂದು. ಮುಂಚೆಯೇ ಅತ್ತ ಆ ರಾತ್ರಿಗಳು ಅಂದಿನ ಅಳುವನ್ನು ಒಂದು ಹನಿಯಷ್ಟೂ ಕಡಿಮೆ ಮಾಡಲಿಲ್ಲ.

ಆಮೇಲೆ 'ನಾನು ಬೇಗ ಗಮನಿಸಿದ್ದರೆ' ಎಂಬ ಯೋಚನೆ ಹಿಡಿಯಿತು. ಈ ಸಲ ಹಾಳೆ ಸಾಲಲಿಲ್ಲ. ಊಟ ಸೇರದು, ನಿದ್ದೆ ಹತ್ತದು. ಮಗಳು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರ ಜೊತೆ ಹಲವು ವಾರ ಮಾತು, ಕೆಲವು ತಿಂಗಳು ಮಾತ್ರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಚೇಳು ಕಡಿದ ಮೇಲೆ ವೈದ್ಯರೇ ಬೇಕು. ನಿಮಗೂ ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯದೆ, ಯಾರಿಗಾದರೂ ಹೇಳಿ. 2022ರಲ್ಲಿ ಶುರುವಾದ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಈಗಲೂ ಮಾಘದಲ್ಲಿ ತವರಿಗೆ ಹೋಗುತ್ತೇನೆ. ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಹೂ ಬಿಟ್ಟಿರುತ್ತದೆ. ಚಿಕ್ಕಂದಿನಲ್ಲಿ ಉದುರಿದ ಹೂ ಕಂಡು ಈ ವರ್ಷ ಹಣ್ಣೇ ಇಲ್ಲವೆಂದು ಅತ್ತಿದ್ದೆ. ಅಪ್ಪ ಹೇಳಿದ್ದರು: "ಒಂದು ಗೊಂಚಲಲ್ಲಿ ಸಾವಿರ ಹೂವು. ನಿಲ್ಲೋದು ಒಂದೋ ಎರಡೋ ಕಾಯಿ. ಉದುರೋದು ಉದುರಲಿ ಬಿಡು."

ಯೋಚನೆಗಳೂ ಹಾಗೆಯೇ. ಬಂದದ್ದೆಲ್ಲ ಕಾಯಿ ಕಟ್ಟುವುದಿಲ್ಲ.