ಅವ್ವನ ಸೀರೆ, ಬಸ್ಸಿನ ಮೆಟ್ಟಿಲು

ನಮ್ಮೂರು ಸಾಸ್ವೆಹಳ್ಳಿ. ನಾನು ಹುಡುಗನಾಗಿದ್ದಾಗ ಹೊನ್ನಾಳಿಗೆ ಹೋಗೋಕೆ ಪ್ರೈವೇಟ್ ಬಸ್ಸೇ ಗತಿ. ಅವ್ವ ಒಂದು ಕೈಲಿ ಸೀರೆ ನೆರಿಗೆ, ಇನ್ನೊಂದು ಕೈಲಿ ಚೀಲ ಹಿಡ್ಕೊಂಡು ಹತ್ತೋಳು. ಕಂಬಿ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರೋದು? "ಬೇಗ ಬೇಗ" ಅಂತ ಕಂಡಕ್ಟರ್ ಬೇರೆ... ಆ ಮೆಟ್ಟಿಲು ಯಾಕೆ ಅಷ್ಟು ಎತ್ತರ ಅಂತ ಆಗ ನನಗೆ ಹೊಳೆದೇ ಇರಲಿಲ್ಲ.

ನಮ್ಮ ಬಸ್ಸುಗಳನ್ನ ಬಹುಕಾಲ ಕಟ್ಟಿದ್ದು ಲಾರಿ ಚಾಸಿಯ ಮೇಲೆ. ಆಕ್ಸಲ್ ಮೇಲೆ ಚಾಸಿ, ಅದರ ಮೇಲೆ ನೆಲ. ಲಾರಿಯ ಮೂಟೆಗೆ ಮೆಟ್ಟಿಲು ಬೇಕಿಲ್ಲವಲ್ಲ! ಹೆಂಗಸರಿಗೆ ಅಂತ ಸೀಟಿನ ಮೇಲೆ ಬರೆದರು, ಬೆಂಗಳೂರಲ್ಲಿ ಮುಂದಿನ ಬಾಗಿಲೂ ಅವರದಾಯ್ತು. ಮೆಟ್ಟಿಲು ಮಾತ್ರ ಇಳಿಯಲಿಲ್ಲ.

2006ರಲ್ಲಿ ಬೆಂಗಳೂರಿಗೆ ತಗ್ಗು ನೆಲದ ವೋಲ್ವೋ ಬಂತು. 2008ರಲ್ಲಿ ಕೇಂದ್ರ ಸರ್ಕಾರ ನಗರ ಬಸ್ಸುಗಳಿಗೆ ಮಾನದಂಡ ಬರೆದಾಗ 400 ಮಿ.ಮೀ. ಎತ್ತರದ ನೆಲವನ್ನೂ ಸೇರಿಸಿತು. ಆದ್ರೆ ವೋಲ್ವೋ ಟಿಕೆಟ್ಟು ಮನೆಕೆಲಸಕ್ಕೆ ಹೋಗೋ ಹೆಂಗಸರಿಗೆ ಎಟುಕುವಂಥದ್ದಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಲೂ ಎ.ಸಿ. ಬಸ್ಸು ಹೊರಗೇ ಉಳೀತು (ಪ್ರೈವೇಟ್ ಬಸ್ಸಿಗಂತೂ ಶಕ್ತಿ ಇಲ್ಲವೇ ಇಲ್ಲ, ನಮ್ಮೂರ ಕಡೆಯವರಿಗೆ ಗೊತ್ತು). ಅಂದ್ರೆ ಫ್ರೀ ಬಸ್ಸಿಗೆ ಎತ್ತರದ ಮೆಟ್ಟಿಲು, ತಗ್ಗಿನ ಮೆಟ್ಟಿಲಿಗೆ ದುಡ್ಡು! ಈಚಿನ ವರ್ಷಗಳಲ್ಲಿ ಬಿಎಂಟಿಸಿಗೆ ಬಂದ, ಎ.ಸಿ. ಇಲ್ಲದ ತಗ್ಗು ನೆಲದ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಎರಡೂ ಒಟ್ಟಿಗೆ ಸಿಗ್ತಿವೆ.

ಹೋದ ಸಲ ಬೆಂಗಳೂರಿಗೆ ಬಂದಾಗ ಅವ್ವ ಅಂಥದ್ದೊಂದು ಹತ್ತಿದ್ಲು. ಇಳಿದ ಮೇಲೆ ಫ್ರೀ ಟಿಕೆಟ್ಟಿನ ಮಾತೇ ಇಲ್ಲ. "ನೆರಿಗೆ ಎತ್ತೋದೇ ಬೇಕಾಗ್ಲಿಲ್ಲ ನೋಡಪ್ಪ" ಅಂದ್ಲು.