ಬಾನಿಗೆ ಹಗ್ಗ: ಎಪ್ಪತ್ತೈದನೆಯ ರೇಖಾಂಶದಿಂದ ಒಂದು ವಿಚಾರ

ಮುಂಡಗೋಡದ ನೆರೆಯ ಸನವಳ್ಳಿ ಜಲಾಶಯದ ಏರಿಯಿಂದ ನೇರ ದಕ್ಷಿಣಕ್ಕೆ ಗೆರೆ ಎಳೆದರೆ ಅದು ಬನವಾಸಿ, ಸಾಗರ, ಕಾರ್ಕಳಗಳನ್ನು ಹೆಚ್ಚುಕಡಿಮೆ ಸವರಿಕೊಂಡು ಕಾಸರಗೋಡಿನ ಬಳಿ ಕಡಲಿಗೆ ಇಳಿಯುತ್ತದೆ. ಇದು ಪೂರ್ವ 75 ಡಿಗ್ರಿ ರೇಖಾಂಶ. ಸನವಳ್ಳಿಯಿಂದ ಸುಮಾರು 1,650 ಕಿ.ಮೀ. ದೂರದಲ್ಲಿ, ಮಾಲ್ಡೀವ್ಸ್‌ನ ಪೂರ್ವಕ್ಕೆ, ಇದು ಭೂಮಧ್ಯರೇಖೆಯನ್ನು ಕೂಡುತ್ತದೆ. ಭೂಮಿಯಿಂದ ಬಾಹ್ಯಾಕಾಶಕ್ಕೆ ಹಗ್ಗ ಬಿಗಿದು ಲಿಫ್ಟ್ ಓಡಿಸಬಹುದೇ ಎಂಬ ಪ್ರಶ್ನೆಯ ಚರಿತ್ರೆಯಲ್ಲಿ ಆ ಕೂಡುವ ತಾಣಕ್ಕೆ ದೊಡ್ಡ ಸ್ಥಾನವಿದೆ.

ಐಫೆಲ್ ಗೋಪುರದಿಂದ ಪ್ರೇರಿತನಾಗಿ ರಷ್ಯಾದ ಶಾಲಾ ಶಿಕ್ಷಕ ಕಾನ್‌ಸ್ಟಾಂಟಿನ್ ಸಿಯೊಲ್ಕೊವ್‌ಸ್ಕಿ 1895ರಲ್ಲಿ ಕಲ್ಪಿಸಿದ್ದು ನೆಲದಿಂದ ಏಳುವ ಗೋಪುರವನ್ನು. ತನ್ನ ಭಾರಕ್ಕೆ ತಾನೇ ಕುಸಿಯುವ ಅಂಥ ಗೋಪುರವನ್ನು ಯಾರೂ ಕಟ್ಟಲಾರರು. 1960ರ ಜುಲೈ 31ರಂದು 'ಕೊಮ್ಸೊಮೊಲ್‌ಸ್ಕಾಯಾ ಪ್ರಾವ್ದಾ' ಪತ್ರಿಕೆಯಲ್ಲಿ ಲೆನಿನ್‌ಗ್ರಾಡಿನ ಎಂಜಿನಿಯರ್ ಯೂರಿ ಅರ್ತ್ಸುತಾನೊವ್ ಈ ಯೋಚನೆಯನ್ನೇ ತಲೆಕೆಳಗು ಮಾಡಿದರು. ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದ ಉಪಗ್ರಹ ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಿರುತ್ತದೆ. ಅಲ್ಲಿಂದ ಒಂದು ಎಳೆಯನ್ನು ಕೆಳಗಿಳಿಸಿ, ಸರಿತೂಗಿಸಲು ಇನ್ನೊಂದನ್ನು ಆಚೆಗೆ ಚಾಚಿದರೆ ಗೋಪುರ ಬೇಕಿಲ್ಲ. ಹಗ್ಗವೇ ತೂಗಿ ನಿಲ್ಲುತ್ತದೆ. ಈ ಲೇಖನ ಪಶ್ಚಿಮದವರ ಗಮನಕ್ಕೆ ಬರಲಿಲ್ಲ. 1966ರಲ್ಲಿ ಅಮೆರಿಕದ ಸಾಗರ ಸಂಶೋಧನಾ ಸಂಸ್ಥೆಗಳ ನಾಲ್ವರು 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ಸ್ವತಂತ್ರವಾಗಿ ಮಂಡಿಸಿದರು. ಆಳ ಕಡಲಿಗೆ ಮೈಲಿಗಟ್ಟಲೆ ಹಗ್ಗ ಇಳಿಸುವವರಿಗೆ ಇದು ಹೊಳೆದದ್ದು ಸಹಜವೇ. 1975ರಲ್ಲಿ ಜೆರೋಮ್ ಪಿಯರ್ಸನ್ ಮೂರನೆಯ ಸಲ ತಾವಾಗಿ ಕಂಡುಕೊಂಡು, ಹಗ್ಗದ ದಪ್ಪ, ತೂಗಾಟಗಳ ಪೂರ್ಣ ಲೆಕ್ಕ ಕೊಟ್ಟರು. ಒಬ್ಬರನ್ನೊಬ್ಬರು ಅರಿಯದವರು ಮೂರು ಸಲ ಒಂದೇ ತೀರ್ಮಾನಕ್ಕೆ ಬಂದದ್ದನ್ನು ನಾನು ಮುಖ್ಯ ಸಾಕ್ಷ್ಯವೆಂದು ಎಣಿಸುತ್ತೇನೆ. ಇದು ಬರಿಯ ಕನಸಲ್ಲ, ಯಂತ್ರಶಾಸ್ತ್ರದ ನಿಯಮಗಳಿಂದಲೇ ಹುಟ್ಟುವ ಮಾತು.

ತೊಡಕಿರುವುದು ಹಗ್ಗದಲ್ಲಿ. ಬಾವಿ ಆಳವಾದಷ್ಟೂ ಸೇದುವವರ ಕೈಗೆ ಕೊಡಕ್ಕಿಂತ ಹಗ್ಗವೇ ಭಾರವಾಗುತ್ತದೆ. ಆ ಭಾರವೆಲ್ಲ ರಾಟೆಯ ಬಳಿಯ ಎಳೆಗಳ ಮೇಲೆ ಬೀಳುತ್ತದೆ. ಮೇಲೆ ಹೋದಂತೆ ಗುರುತ್ವ ಕುಗ್ಗುತ್ತದೆ, ಸುತ್ತುವಿಕೆಯ ಎಳೆತವೂ ನೆರವಿಗೆ ಬರುತ್ತದೆ. ಆದ್ದರಿಂದ ಒಂದೇ ದಪ್ಪದ ಹಗ್ಗ ನೆಲದ ಮೇಲಿನ ಗುರುತ್ವದಲ್ಲಿ ಸುಮಾರು 4,960 ಕಿ.ಮೀ. ಉದ್ದದ ತನ್ನದೇ ತೂಕ ತಾಳಿದರೆ ಸಾಕು. ಆದರೆ ಕೇಬಲ್‌ಗೆ ಬಳಸುವ ಉಕ್ಕಿನ ತಂತಿ ತಾಳುವುದು ಕೆಲವೇ ಹತ್ತು ಕಿಲೋಮೀಟರ್. ಕೆವ್ಲಾರ್ ಸುಮಾರು 250. ಮೇಲಕ್ಕೆ ಹೋದಂತೆ ಹಗ್ಗವನ್ನು ದಪ್ಪವಾಗಿಸಿ ಇದನ್ನು ನೀಗಿಸೋಣವೆಂದರೆ, ಕೆವ್ಲಾರ್ ಹಗ್ಗದ ಅಡ್ಡಕೊಯ್ತ ನೆಲದ ಬಳಿ ಇರುವುದಕ್ಕಿಂತ ಮೇಲೆ ಸುಮಾರು 25 ಕೋಟಿ ಪಟ್ಟು ಆಗಬೇಕು.

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಗಾಲದ ನ್ಯಾನೊ ಕೊಳವೆಗಳ ಬಗ್ಗೆ ಬರೆದ ಮೇಲೆ ಚರ್ಚೆಗೆ ಜೀವ ಬಂತು. ಅದನ್ನು ನಂಬಿ ಬ್ರಾಡ್ಲಿ ಎಡ್ವರ್ಡ್ಸ್ ನಾಸಾದ ನೆರವಿನಿಂದ 1,00,000 ಕಿ.ಮೀ. ಉದ್ದದ ಪಟ್ಟಿಯ ಯೋಜನೆ ರೂಪಿಸಿದರು. ಜಪಾನಿನ ಒಬಾಯಾಶಿ ಸಂಸ್ಥೆ 2012ರಲ್ಲಿ 96,000 ಕಿ.ಮೀ.ಯ ಕೇಬಲನ್ನು 2050ರ ಹೊತ್ತಿಗೆ ಎಂದಿತು. 2018ರಲ್ಲಿ ಚೀನಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದವರು ಬೇಕಾದ ಬಲದ ಸಮೀಪದ ಕಟ್ಟುಗಳನ್ನು ಮಾಡಿ ತೋರಿಸಿದರು. ಅವುಗಳ ಉದ್ದ ಸೆಂಟಿಮೀಟರುಗಳಲ್ಲಿ. ಬಾಹ್ಯಾಕಾಶದಲ್ಲಿ ಬಿಚ್ಚಿದ ಹಗ್ಗಗಳ ಕಥೆಯೂ ಚಿಕ್ಕದೇ: 1996ರಲ್ಲಿ ಕೊಲಂಬಿಯಾ ನೌಕೆಯ ಹಗ್ಗ ಸುಮಾರು 19.7 ಕಿ.ಮೀ. ಹೊರಬಂದಾಗ ವಿದ್ಯುತ್ ಕಿಡಿಗೆ ಸುಟ್ಟು ತುಂಡಾಯಿತು. 2007ರ ಯುರೋಪಿನ ಪ್ರಯೋಗದಲ್ಲಿ 31.7 ಕಿ.ಮೀ. ಬಿಚ್ಚಿಕೊಂಡಿತು. 35,786ರ ಮುಂದೆ ಇವನ್ನಿಟ್ಟು ನೋಡಿದರೆ ಇಂದಿನ ಉತ್ತರ 'ಸಾಧ್ಯವಿಲ್ಲ' ಎಂದೇ.

ಹಗ್ಗ ಸಿಕ್ಕಿತೆನ್ನೋಣ. ಕಟ್ಟುವುದೆಲ್ಲಿ? 1979ರ 'ದಿ ಫೌಂಟನ್ಸ್ ಆಫ್ ಪ್ಯಾರಡೈಸ್' ಕಾದಂಬರಿಗಾಗಿ ಆರ್ಥರ್ ಸಿ. ಕ್ಲಾರ್ಕ್ ಶ್ರೀಲಂಕೆಯನ್ನೇ ಸುಮಾರು 800 ಕಿ.ಮೀ. ದಕ್ಷಿಣಕ್ಕೆ ಸರಿಸಿ ಭೂಮಧ್ಯರೇಖೆಯ ಮೇಲೆ ಕೂರಿಸಬೇಕಾಯಿತು. ಭೂಮಧ್ಯರೇಖೆಯೂ ಸರಿಯಾದ ವೃತ್ತವಲ್ಲ, ಕೊಂಚ ಅಂಡಾಕಾರ. ಹಾಗಾಗಿ ಸ್ಥಿರಕಕ್ಷೆಯ ಉಪಗ್ರಹವನ್ನು ಸುಮ್ಮನೆ ಬಿಟ್ಟರೆ ಅದು ಮೆಲ್ಲಗೆ ಪೂರ್ವ ಪಶ್ಚಿಮಕ್ಕೆ ಜಾರತೊಡಗುತ್ತದೆ. ಜಾರದೆ ನೆಲೆ ನಿಲ್ಲುವ ತಾಣಗಳು ಎರಡೇ: ಪಶ್ಚಿಮ 105 ಡಿಗ್ರಿಯ ಸುತ್ತ ಒಂದು, ನಮ್ಮ 75ರ ಬಳಿ ಇನ್ನೊಂದು. ಇನ್ಸಾಟ್-1ಎ (1982), ಇನ್ಸಾಟ್-1ಬಿ (1983), ಕಲ್ಪನಾ-1 (2002), ಎಜುಸ್ಯಾಟ್ (2004) ನೆಲೆಸಿದ್ದು ಇದರ ಮಗ್ಗುಲಲ್ಲೇ, 74 ಡಿಗ್ರಿಯಲ್ಲಿ. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಸ್ಥಿರಕಕ್ಷೆಯ ಉಪಗ್ರಹಗಳನ್ನು ಕಾಯುತ್ತ ಬಂದಿದೆ. ಹಾಗೆಂದು ಈ ತಾಣದ ಲಾಭವನ್ನು ಹಿಗ್ಗಿಸಿ ಹೇಳಬಾರದು. ಸೂರ್ಯ ಚಂದ್ರರ ಸೆಳೆತದಿಂದಾಗುವ ಉತ್ತರ ದಕ್ಷಿಣದ ಓಲಾಟ ಇಲ್ಲಿಯೂ ತಪ್ಪದು, ಉಪಗ್ರಹಗಳ ಇಂಧನದ ದೊಡ್ಡ ಪಾಲು ಖರ್ಚಾಗುವುದು ಅದನ್ನು ತಿದ್ದಲಿಕ್ಕೇ.

ಇದಕ್ಕಿಂತ ಗಂಭೀರವಾದ ತೊಡಕು ಆ ಸ್ಥಿರತೆಯೊಳಗೇ ಇದೆ. ತಗ್ಗಿನಲ್ಲಿ ನೀರು ನಿಲ್ಲುವಂತೆ, ಕಕ್ಷೆಯಲ್ಲೇ ಕೆಟ್ಟುಹೋದ ಎಷ್ಟೋ ಉಪಗ್ರಹಗಳು ಈ 75 ಡಿಗ್ರಿಯ ಆಚೀಚೆ ವರ್ಷಗಟ್ಟಲೆ ತೂಗಾಡುತ್ತಿರುತ್ತವೆ. ಇನ್ನೂ ಕೆಳಗಿನ ಕಕ್ಷೆಗಳಲ್ಲಿ ಸುತ್ತುವ ಪ್ರತಿ ತುಣುಕೂ ಭೂಮಧ್ಯರೇಖೆಯ ತಲವನ್ನು ದಾಟಲೇಬೇಕು. ನಿಂತ ಹಗ್ಗಕ್ಕೆ ಎಂದಾದರೊಂದು ದಿನ ಅದು ಎದುರಾಗುತ್ತದೆ. ಹಗ್ಗದ ಬಲದ ಬಗ್ಗೆ ನಡೆದಷ್ಟೇ ತೀವ್ರವಾದ ಅಧ್ಯಯನ ಇದರ ಬಗ್ಗೆಯೂ ನಡೆಯಬೇಕೆಂಬುದು ನನ್ನ ವಾದ. ಅದಕ್ಕೆ ಬೇಕಾದ ಕೆಲಸ ನಮ್ಮಲ್ಲೇ ಶುರುವಾಗಿದೆ: ಬಾಹ್ಯಾಕಾಶದ ಇಂಥ ವಸ್ತುಗಳ ಮೇಲೆ ಕಣ್ಣಿಡಲು ಇಸ್ರೊ 2020ರ ಡಿಸೆಂಬರಿನಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನಿಯಂತ್ರಣ ಕೇಂದ್ರವೊಂದನ್ನು ತೆರೆಯಿತು. ಸನವಳ್ಳಿಯವರು ದಕ್ಷಿಣಕ್ಕೆ ಮುಖಮಾಡಿ ದಿಗಂತದಿಂದ ಸುಮಾರು 72 ಡಿಗ್ರಿ ಎತ್ತರಕ್ಕೆ ಕಣ್ಣೆತ್ತಿದರೆ, ಆ ತೂಗಾಡುವ ಉಪಗ್ರಹಗಳ ನಟ್ಟನಡುವಣ ಬಿಂದು ಅಲ್ಲಿಯೇ ಇದೆ.